ಪಗಾರದ ತಾರೀಖು

ಈ ಅಂಕಣ ಓದುವವರು ಸಿಕ್ಕಾಗ, ಫೋನ್ ಮಾಡಿದಾಗ, ಬಹಳ ಸಲ ಕೇಳುವ ಪ್ರಶ್ನೆ ಒಂದೇ: ‘ನಮ್ಮ ಆಯಿಯ ಪಗಾರ ಯಾಕ ನಿಂತೈತ್ರಿ?’ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ವೃದ್ಧಾಪ್ಯ ವೇತನ, ವಿಧವಾ ವೇತನ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಎಲ್ಲವೂ ಪಗಾರವೇ. ಕೇಳುವವರು ಸಾಮಾನ್ಯವಾಗಿ ಆ ಮುದುಕಿಯಲ್ಲ. ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿರುವ ಮೊಮ್ಮಗ, ಕಾಲೇಜಿಗೆ ಹೋಗುವ ಮೊಮ್ಮಗಳು, ಇಲ್ಲವೇ ಓಣಿಯಲ್ಲಿ ನಾಲ್ಕಕ್ಷರ ಓದಿಕೊಂಡ ಯಾರೋ ಒಬ್ಬರು. ‘ಪೂರಾ ನಿಂತೈತೋ, ತಡಾ ಆಗೈತೋ, ಅಷ್ಟರ ಹೇಳ್ರಿ’ ಎನ್ನುತ್ತಾರೆ. ಆ ‘ಅಷ್ಟರ’ ಎಂಬುದರಲ್ಲೇ ಇಡೀ ಸಂಕಟವಿದೆ. ಪಗಾರ ಹೆಚ್ಚು ಮಾಡಿ ಎಂದು ಅವರು ಕೇಳುತ್ತಿಲ್ಲ. ಯಾವಾಗ ಬರುತ್ತದೆ ಎಂಬುದು ಗೊತ್ತಾದರೆ ಸಾಕಾಗಿದೆ. 2020 ಮತ್ತು 2021ರ ಕೊರೊನಾ ತಿಂಗಳುಗಳಲ್ಲಿ ಈ ಐದು ತಾಲ್ಲೂಕುಗಳ ವಯಸ್ಸಾದ ಹೆಣ್ಣುಮಕ್ಕಳು ಪಟ್ಟ ಪಾಡನ್ನು ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಪಗಾರ ಎಷ್ಟು ಎಂಬುದಕ್ಕಿಂತ ಅದು ಯಾವ ತಾರೀಖಿಗೆ ಬರುತ್ತದೆ ಎಂಬುದು ದೊಡ್ಡ ಪ್ರಶ್ನೆ.

ಕೊರೊನಾ ಕಾಲಿಟ್ಟಾಗ ಲೆಕ್ಕ ಹೀಗಿತ್ತು. 60 ದಾಟಿದ ಬಡವರಿಗೆ ತಿಂಗಳಿಗೆ 600 ರೂಪಾಯಿ, 65 ದಾಟಿದವರಿಗೆ 1,000. ವಿಧವೆಯರಿಗೆ 600. ಮಾಜಿ ದೇವದಾಸಿಯರಿಗೆ 1,500. ಇದರಲ್ಲಿ ಕೇಂದ್ರದ ಪಾಲು ಎಷ್ಟು ಎಂದು ಕೇಳಿದರೆ ಓದುಗರು ಬೆಚ್ಚಿಬೀಳುತ್ತಾರೆ. ವೃದ್ಧಾಪ್ಯ ವೇತನಕ್ಕೆ, 79 ವರ್ಷದವರೆಗೆ, ಬರೀ 200 ರೂಪಾಯಿ. ವಿಧವಾ ವೇತನಕ್ಕೆ 300. ಉಳಿದದ್ದನ್ನು ರಾಜ್ಯ ಸರ್ಕಾರ ಸೇರಿಸುತ್ತದೆ. ಸಂಧ್ಯಾ ಸುರಕ್ಷಾ 2007ರಲ್ಲಿ ರಾಜ್ಯವೇ ಆರಂಭಿಸಿದ ಯೋಜನೆ, ಅದರ ಭಾರವೂ ರಾಜ್ಯದ್ದೇ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆರುನೂರು ರೂಪಾಯಿ ಬಾರದಿದ್ದರೆ ಏನಾಗುತ್ತದೆ, ರೇಷನ್ ಇದೆಯಲ್ಲ ಎಂದು ಪೇಟೆಯಲ್ಲಿ ಕುಳಿತವರು ಆಗ ಕೇಳಿದ್ದುಂಟು. ರೇಷನ್ ಇತ್ತು, ನಿಜ. ಲಾಕ್‌ಡೌನ್‌ನಲ್ಲಿ ಅಕ್ಕಿ ಹೆಚ್ಚಾಗಿಯೇ ಬಂತು. ಅದು ಅನೇಕರ ಜೀವ ಉಳಿಸಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಜೋಳ ಬೀಸಲು ಗಿರಣಿಯವನಿಗೆ ಕೊಡಬೇಕಾದದ್ದು ರೊಕ್ಕ. ಎಣ್ಣೆ, ಖಾರ, ಚಹಾಪುಡಿ, ಸಕ್ಕರೆಗೆ ಬೇಕಾದದ್ದು ರೊಕ್ಕ. ಬಿಪಿ ಗುಳಿಗೆ ಅಂಗಡಿಯಲ್ಲಿ ಉದ್ರಿ ಸಿಗುವುದಿಲ್ಲ. ಅಥಣಿ, ಕಾಗವಾಡದ ಹಳ್ಳಿಗಳಿಗೆ ದೊಡ್ಡ ದವಾಖಾನೆ ಎಂದರೆ ಮೊದಲಿನಿಂದಲೂ ಮಿರಜ. ಗಡಿ ಮುಚ್ಚಿದ ದಿನಗಳಲ್ಲಿ ಮಿರಜದ ಡಾಕ್ಟರರ ಚೀಟಿ ಕೈಯಲ್ಲಿ ಹಿಡಿದುಕೊಂಡು, ಅದೇ ಗುಳಿಗೆ ಇಲ್ಲಿ ಬೇರೆ ಹೆಸರಿನಲ್ಲಿ ಸಿಕ್ಕೀತೇ ಎಂದು ವಿಚಾರಿಸುತ್ತಿದ್ದ ತಾಯಂದಿರಿದ್ದರು. ಸಿಕ್ಕರೂ ಹತ್ತು ಗುಳಿಗೆಯ ಬದಲು ನಾಲ್ಕೇ ಕತ್ತರಿಸಿ ಕೊಡಿ ಎನ್ನುತ್ತಿದ್ದರು. ದಿನಕ್ಕೊಂದು ನುಂಗಬೇಕಾದ್ದನ್ನು ದಿನ ಬಿಟ್ಟು ದಿನ ನುಂಗಿದವರು ಎಷ್ಟು ಮಂದಿಯೋ!

ಕೃಷ್ಣಾ ದಂಡೆಯ ಹಳ್ಳಿಯೊಂದರ ಕಿರಾಣಿ ಅಂಗಡಿಯಲ್ಲಿ ನಾನು ಆ ದಿನಗಳಲ್ಲಿ ಉದ್ರಿ ವಹಿ ತೆಗೆಸಿ ನೋಡಿದ್ದೆ. ಕೆಂಪು ರಟ್ಟಿನ ಉದ್ದ ಪುಸ್ತಕ. ಒಂದೊಂದು ಮನೆಗೆ ಒಂದೊಂದು ಹಾಳೆ. ಒಬ್ಬ ಆಯಿಯ ಹಾಳೆಯಲ್ಲಿ ಪ್ರತಿ ತಿಂಗಳು ಒಂದೇ ಬಗೆಯ ಬರವಣಿಗೆ: ಎಣ್ಣೆ ಪಾವು ಕಿಲೋ, ಚಹಾಪುಡಿ ಐದು ರೂಪಾಯಿಯದು, ಬೆಲ್ಲ, ಕಡ್ಡಿಪೆಟ್ಟಿಗೆ, ಎಲೆ, ತಂಬಾಕು. ಕೆಳಗೆ ಒಂದು ಗೆರೆ, ‘ಜಮಾ’ ಎಂಬ ಅಕ್ಷರ, ಮತ್ತೆ ಹೊಸ ತಿಂಗಳು. ಅಂದರೆ ಅಂಗಡಿಯವನು ಆಕೆಗೆ ಕೊಡುತ್ತಿದ್ದ ಸಾಲಕ್ಕೆ ಜಾಮೀನು ಆ ಪಗಾರ. ಲಾಕ್‌ಡೌನ್ ಶುರುವಾದ ಮೇಲೆ ಗೆರೆ ಎಳೆಯುವುದೇ ನಿಂತಿತ್ತು. ಬೇಡಿಕೆಯೂ ಇಳಿದಿತ್ತು. ಎಣ್ಣೆ ಹತ್ತು ರೂಪಾಯಿಯ ಪೊಟ್ಟಣಕ್ಕೆ ಬಂದಿತ್ತು, ಬೆಲ್ಲ ಮಾಯವಾಗಿತ್ತು. ನಾನು ಅಲ್ಲಿರುವಾಗಲೇ ಆಕೆ ಬಂದರು. ‘ಆಯೀ, ಈ ತಿಂಗಳೂ ಬಂದಿಲ್ಲೇನ?’ ಎಂದ ಅಂಗಡಿಯವನು. ‘ಬರ್ತೈತಂತ ತಮ್ಮಾ, ಬಂದ ಕೂಡ್ಲೇ ಮೊದಲ ನಿನಗ’ ಎಂದರು. ‘ನಾ ಬರಕೊಂತೀನಿ ಬಿಡ. ಖರೆ ಸಂಕೇಶ್ವರದ ವ್ಯಾಪಾರಿ ನನಗ ಉದ್ರಿ ಕೊಡವಲ್ಲ’ ಎಂದ. ಅವನು ಕೆಟ್ಟವನಲ್ಲ. ಅವನ ಅಂಗಡಿಗೂ ಮೇಲಿನಿಂದ ಬರುವ ಉದ್ರಿ ನಿಂತಿತ್ತು. ಪಗಾರ ತಡವಾದಾಗ ಕಡಿದುಹೋಗುವುದು ಆ ಆಯಿಯ ಊಟವಷ್ಟೇ ಅಲ್ಲ, ಹಳ್ಳಿಯ ಅಂಗಡಿಯಲ್ಲಿ ಆಕೆಗಿದ್ದ ಪತ. ಒಮ್ಮೆ ಹೋದ ಪತ ಮರಳಿ ಬರಲು ಒಂದು ತಿಂಗಳ ಹಣ ಸಾಲುವುದಿಲ್ಲ.

ಸರ್ಕಾರಗಳು ಏನೂ ಮಾಡಲಿಲ್ಲ ಎಂದು ಹೇಳುವವನು ನಾನಲ್ಲ. 2020ರ ಮಾರ್ಚ್ ಕೊನೆಯ ವಾರದಲ್ಲಿ ರಾಜ್ಯ ಸರ್ಕಾರ ಸಾಮಾಜಿಕ ಭದ್ರತಾ ಪಿಂಚಣಿಯನ್ನು ಎರಡು ತಿಂಗಳಿನದು ಮುಂಗಡವಾಗಿ ಕೊಡುವುದಾಗಿ ಘೋಷಿಸಿತು. ಅದೇ ವಾರ ಕೇಂದ್ರವು ಗರೀಬ್ ಕಲ್ಯಾಣ್ ಹೆಸರಿನಲ್ಲಿ ಜನಧನ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500ರಂತೆ ಮೂರು ತಿಂಗಳು, ಬಡ ವೃದ್ಧರು, ವಿಧವೆಯರು, ಅಂಗವಿಕಲರಿಗೆ ಎರಡು ಕಂತಿನಲ್ಲಿ 1,000 ರೂಪಾಯಿ ಎಂದಿತು. ಒಳ್ಳೆಯ ತೀರ್ಮಾನಗಳೇ. ಆದರೆ ಹಳ್ಳಿಯ ಕಟ್ಟೆಯ ಮೇಲೆ ಇವು ಹೇಗೆ ಕಂಡವು ನೋಡಿ. ಮುಂಗಡ ಹಣ ಬಂದಾಗ ಅದು ಹಿಂದಿನ ಬಾಕಿ ಎಂದು ತಿಳಿದು ಅಂಗಡಿ ಸಾಲ ತೀರಿಸಿದವರಿಗೆ, ಮುಂದಿನ ತಿಂಗಳು ಖಾತೆ ಖಾಲಿ ಇದ್ದಾಗ ಪಗಾರವೇ ರದ್ದಾಯಿತು ಎಂಬ ಭಯ. ಇದು ಮುಂಗಡ, ಇಂಥ ತಿಂಗಳು ಬರುವುದಿಲ್ಲ ಎಂದು ಅವರ ಮನೆಗೆ ಹೋಗಿ ಯಾರೂ ಹೇಳಿರಲಿಲ್ಲ. ಇನ್ನು ಕೇಂದ್ರದ ಆ ಸಾವಿರ ಸೇರಿದ್ದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಪಟ್ಟಿಯಲ್ಲಿದ್ದವರಿಗೆ. ರಾಜ್ಯವೇ ಪೂರ್ತಿ ಹಣ ಕೊಡುವ ಯೋಜನೆಯವರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳ ಇಬ್ಬರು ಮುದುಕಿಯರಲ್ಲಿ ಒಬ್ಬಾಕೆಗೆ ಬಂತು, ಇನ್ನೊಬ್ಬಾಕೆಗೆ ಇಲ್ಲ. ಜನಧನದ್ದೂ ಅದೇ ಕತೆ. ಬ್ಯಾಂಕಿನಲ್ಲಿ ಹಳೆಯ ಸಾದಾ ಉಳಿತಾಯ ಖಾತೆ ಇದ್ದವರಿಗೆ ಆ 500 ಇಲ್ಲ. ‘ನನ್ನ ರೊಕ್ಕ ಯಾರೋ ತಿಂದ್ರು’ ಎಂದು ಆಣೆ ಮಾಡಿ ಹೇಳಿದವರನ್ನು ನಾನು ಬಲ್ಲೆ. ಯಾರೂ ತಿಂದಿರಲಿಲ್ಲ. ಹಾಗೆಂದು ಅವರಿಗೆ ಮನವರಿಕೆ ಮಾಡಿಕೊಡುವ ಕೆಲಸವನ್ನೂ ಯಾರೂ ಮಾಡಿರಲಿಲ್ಲ.

ಹಣ ಬಿದ್ದಿದೆ ಎಂಬ ಸುದ್ದಿ ಬಂದ ಮೇಲೆ ಬ್ಯಾಂಕಿನ ಪಾಳಿ. 2020ರ ಏಪ್ರಿಲ್‌ನಲ್ಲಿ ಜನಧನ ಹಣ ತೆಗೆಯಲು ಖಾತೆ ಸಂಖ್ಯೆಯ ಕೊನೆಯ ಅಂಕಿ ನೋಡಿ ದಿನ ಹಂಚಿದ್ದರು. 0, 1 ಇದ್ದವರು 3ನೇ ತಾರೀಖು, 2, 3 ಇದ್ದವರು 4ನೇ ತಾರೀಖು, ಹೀಗೆ 9ರವರೆಗೆ. ಗದ್ದಲ ತಪ್ಪಿಸಲು ಅದು ಬೇಕಿತ್ತು. ಆದರೆ ಅಂಕಿ ಓದಲು ಬಾರದ ತಾಯಿಗೆ ತನ್ನ ದಿನ ಯಾವುದೆಂದು ಹೇಗೆ ಗೊತ್ತಾಗಬೇಕು? ಬಸ್ಸು ನಿಂತಿದ್ದವು. ಬ್ಯಾಂಕಿರುವ ಊರಿಗೆ ನಡೆದೇ ಬಂದು, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಚಪ್ಪಲಿ ಬಿಟ್ಟು, ತಾವು ಬೇವಿನ ಗಿಡದ ನೆರಳಿಗೆ ಕುಳಿತು, ಕೊನೆಗೆ ‘ಇವತ್ತು ನಿಮ್ಮದಲ್ಲ’ ಎಂಬ ಮಾತು ಕೇಳಿ ತಿರುಗಿದವರಿದ್ದರು. ರಾಯಬಾಗ ತಾಲ್ಲೂಕಿನ ಕುಡಚಿಯನ್ನು ಅದೇ ಏಪ್ರಿಲ್‌ನಲ್ಲಿ ಸೀಲ್‌ಡೌನ್ ಮಾಡಿದ್ದರು. ಅಲ್ಲಿ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ನಿಪ್ಪಾಣಿಯ ಕೊಗನೊಳ್ಳಿಯಲ್ಲಿ, ಕಾಗವಾಡದಲ್ಲಿ ಚೆಕ್‌ಪೋಸ್ಟ್. ಮಹಾರಾಷ್ಟ್ರದ ಕಡೆ ದುಡಿಯುತ್ತಿದ್ದ ಮಕ್ಕಳು ಅಲ್ಲೇ ಉಳಿದರು, ಅವರು ಕಳಿಸುತ್ತಿದ್ದ ನೂರಿನ್ನೂರು ಕೂಡ ನಿಂತಿತು. ಗಡಿ ಭಾಗದ ಮನೆಗಳಿಗೆ ಇದ್ದ ಎರಡು ಆಸರೆ ಎಂದರೆ ಆಚೆಯ ದುಡಿಮೆ ಮತ್ತು ಈಚೆಯ ಪಗಾರ. ಮೊದಲನೆಯದು ಹೋದಾಗ ಎರಡನೆಯದು ನಿಯಮಿತವಾಗಿ ಬರಬೇಕಿತ್ತು.

ಇದೆಲ್ಲ ಬಂದದ್ದು ಮಹಾಪೂರದ ಬೆನ್ನಿಗೆ ಎಂಬುದನ್ನು ಬೆಂಗಳೂರಿನ ಓದುಗರು ಮರೆಯಬಾರದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿ ಈ ಐದೂ ತಾಲ್ಲೂಕುಗಳ ದಂಡೆಯ ಊರುಗಳನ್ನು ಮುಳುಗಿಸಿದ್ದವು. ಗೋಡೆ ಬಿದ್ದವು, ಎಮ್ಮೆ ಹೋದವು, ತಗಡಿನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟಿದ್ದ ಪಾಸ್‌ಬುಕ್, ಆಧಾರ್ ಕಾರ್ಡು, ಪಿಂಚಣಿ ಮಂಜೂರಾತಿಯ ಆದೇಶವೂ ಹೋದವು. ಆದೇಶದ ಪ್ರತಿ ಇಲ್ಲದೆ ವಿಚಾರಿಸಲು ಹೋದ ಮುದುಕಿಯನ್ನು ಕಚೇರಿಯಲ್ಲಿ ಮೊದಲು ಕೇಳುವುದೇ ‘ನಂಬರ್ ಹೇಳ್ರಿ’. ಹೊಸ ಕಾಗದ ಮಾಡಿಸಿಕೊಳ್ಳುವಷ್ಟರಲ್ಲಿ ಲಾಕ್‌ಡೌನ್ ಬಂತು. ಎರಡನೇ ಅಲೆಯ ಲಾಕ್‌ಡೌನ್ ಸಡಿಲವಾದ ಮರುತಿಂಗಳೇ, 2021ರ ಜುಲೈನಲ್ಲಿ, ಹೊಳೆ ಮತ್ತೊಮ್ಮೆ ಊರೊಳಗೆ ಬಂತು. ಎರಡು ವರ್ಷದಲ್ಲಿ ಮೂರು ಪೆಟ್ಟು.

ನಿಪ್ಪಾಣಿಯ ಹಿರಿಯ ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಈ ಊರು ತಂಬಾಕು, ಬೀಡಿಯ ಮೇಲೆ ಬೆಳೆದದ್ದು. 1980ರ ಸುಮಾರಿಗೆ ಇಲ್ಲಿಯ ತಂಬಾಕು ಕಾರ್ಖಾನೆಗಳ ಸಾವಿರಾರು ಹೆಂಗಸರು ಸಂಘ ಕಟ್ಟಿ, ಮುಷ್ಕರ ಹೂಡಿ, ಕೂಲಿಗಾಗಿ, ಮಾನಕ್ಕಾಗಿ ಹೋರಾಡಿದರು. ಯುಗಾಂತರ ಎಂಬ ಮಹಿಳಾ ಚಿತ್ರತಂಡ 1982ರಲ್ಲಿ ಅವರ ಮೇಲೆ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಆಗ ಇಪ್ಪತ್ತು, ಇಪ್ಪತ್ತೈದರ ಪ್ರಾಯದಲ್ಲಿದ್ದವರು ಕೊರೊನಾ ಬಂದಾಗ ಅರವತ್ತು ದಾಟಿದ್ದರು. ಬೀಡಿ ಉದ್ಯಮ 1977ರಲ್ಲೇ ಭವಿಷ್ಯನಿಧಿ ಕಾಯ್ದೆಯೊಳಗೆ ಬಂದಿದ್ದರಿಂದ, ದಾಖಲೆ ಸರಿಯಿದ್ದ ಬೀಡಿ ಕಾರ್ಮಿಕರಿಗೆ 1995ರ ಯೋಜನೆಯ ಪಿಂಚಣಿ ಸಿಗುತ್ತದೆ. ಕನಿಷ್ಠ ಮೊತ್ತ 2014ರ ಸೆಪ್ಟೆಂಬರ್‌ನಿಂದ 1,000 ರೂಪಾಯಿ. ಅದನ್ನು ಉಳಿಸಿಕೊಳ್ಳಲು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ಬೆರಳೊತ್ತಿ ತೋರಿಸಬೇಕು. ಐವತ್ತು ವರ್ಷ ಎಲೆ ಮಡಚಿ, ದಾರ ಸುತ್ತಿ ಸವೆದ ಬೆರಳು. ಯಂತ್ರ ಅದನ್ನು ಗುರುತಿಸುವುದಿಲ್ಲ. ‘ಒರೆಸಿ ಮತ್ತ ಇಡ್ರಿ, ಇನ್ನೊಂದು ಬಟ್ಟ ಇಡ್ರಿ’ ಎನ್ನುತ್ತಾನೆ ಕಂಪ್ಯೂಟರ್ ಮುಂದಿನ ಹುಡುಗ. ಒಂದೊಂದಾಗಿ ಹತ್ತೂ ಬೆರಳು ಸೋಲುತ್ತವೆ. ಸೋಂಕಿನ ಕಾಲದಲ್ಲಿ ಊರವರೆಲ್ಲ ಮುಟ್ಟಿದ ಗಾಜಿನ ಮೇಲೆ ವಯಸ್ಸಾದವರು ಬೆರಳಿಡುವುದೇ ಅಪಾಯವಾಗಿತ್ತು. ಜೀವನ ಪ್ರಮಾಣಪತ್ರದ ಗಡುವನ್ನು 2021ರ ಫೆಬ್ರುವರಿ ಕೊನೆಯವರೆಗೆ ವಿಸ್ತರಿಸಿದ್ದು ಸರಿಯಾದ ಕ್ರಮ. ಈಗ ಮುಖ ನೋಡಿ ಗುರುತಿಸುವ ವ್ಯವಸ್ಥೆಯೂ ಬಂದಿದೆ, ಬೆರಳು ಸೋತವರು ಅದನ್ನೇ ಕೇಳಬೇಕು. ಬೀಡಿ ಕಟ್ಟಿ ಸವೆದ ಕೈ ಕಾರ್ಮಿಕಳ ಸಾಕ್ಷಿಯೇ ಹೊರತು ಅನುಮಾನಕ್ಕೆ ಕಾರಣವಲ್ಲ.

ಇನ್ನೂ ಕಷ್ಟದಲ್ಲಿದ್ದವರು ಮಾಜಿ ದೇವದಾಸಿಯರು. ಸವದತ್ತಿ ಯಲ್ಲಮ್ಮನ ಗುಡ್ಡ ದೂರವಿದ್ದರೂ ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲೂ ಯಲ್ಲಮ್ಮನಿದ್ದಾಳೆ, ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಈ ಸೀಮೆಯ ಹಳ್ಳಿಹಳ್ಳಿಯಲ್ಲೂ ಇದ್ದಾರೆ. 1982ರ ಕಾಯ್ದೆ ಆ ಪದ್ಧತಿಯನ್ನು ನಿಷೇಧಿಸಿತು. ಹೊರಬಂದವರನ್ನು ಸರ್ಕಾರ 1993-94ರಲ್ಲಿ, ಮತ್ತೆ 2007-08ರಲ್ಲಿ ಎಣಿಸಿತು. ರಾಜ್ಯದಲ್ಲಿ ಒಟ್ಟು 46,660 ಮಂದಿ. ಮಾಸಾಶನ ಈ ಪಟ್ಟಿಗೆ ಕಟ್ಟಿದ್ದು. ಸಮೀಕ್ಷೆಯ ದಿನ ಕೂಲಿಗೆ ಬೇರೆ ಊರಿಗೆ ಹೋಗಿದ್ದವಳ ಹೆಸರು ಬಿಟ್ಟುಹೋಗಿದ್ದರೆ ಬಿಟ್ಟೇ ಹೋಯಿತು. ಇವರಲ್ಲಿ ಬಹುತೇಕರಿಗೆ ಗಂಡನೆಂಬ ಆಸರೆಯಿಲ್ಲ, ತವರಿನ ಆಸ್ತಿಯಿಲ್ಲ. ದೇವಸ್ಥಾನಗಳು ತಿಂಗಳುಗಟ್ಟಲೆ ಮುಚ್ಚಿ, ಜಾತ್ರೆ ನಿಂತು, ಮಂಗಳವಾರ ಶುಕ್ರವಾರದ ಜೋಗವೂ ನಿಂತಾಗ, ಇಳಿವಯಸ್ಸಿನ ಜೋಗತಿಯರಿಗೆ 1,500 ರೂಪಾಯಿಯ ಆ ಮಾಸಾಶನ ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅದು ತಡವಾದರೆ ವಿಚಾರಿಸಬೇಕಾದ ಕಚೇರಿ ಬೆಳಗಾವಿಯಲ್ಲಿ. ಅಥಣಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು. ಚಿಕ್ಕೋಡಿ ಜಿಲ್ಲೆ ಆಗಬೇಕು ಎಂಬ ಹಳೆಯ ಬೇಡಿಕೆಯನ್ನು ರಾಜಕೀಯದವರು ಅವರವರ ಲೆಕ್ಕದಲ್ಲಿ ನೋಡುತ್ತಾರೆ. ನನಗೆ ಅದು ಮೊದಲು ಕಾಣುವುದು ಇಂಥವರ ಬಸ್ ಚಾರ್ಜಿನಲ್ಲಿ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲೇ ದೇವದಾಸಿಯಾಗಿ, ಅದರಿಂದ ಹೊರಬಂದು, ಘಟಪ್ರಭಾದ ಮಾಸ್ ಸಂಸ್ಥೆಯ ಮೂಲಕ ತಮ್ಮಂಥವರನ್ನು ಒಗ್ಗೂಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಗದ ತುಂಬಿಸುವುದು, ಹೆಸರು ಸೇರಿಸುವುದು, ಕಚೇರಿಗೆ ಜೊತೆಯಾಗಿ ಹೋಗುವುದು ಇಂಥ ಸಂಘಟನೆಗಳ ದಿನನಿತ್ಯದ ಕೆಲಸ. ಆ ಕೆಲಸಕ್ಕೆ ಒಬ್ಬ ಸರ್ಕಾರಿ ನೌಕರನನ್ನು ಯಾಕೆ ನೇಮಿಸಬಾರದು ಎಂಬುದು ನನ್ನ ಪ್ರಶ್ನೆ.

ಇಷ್ಟಕ್ಕೂ ಪಗಾರ ನಿಲ್ಲುವುದು ಎಲ್ಲಿ? ಮೊದಲು ಮನಿಯಾರ್ಡರ್ ಬರುತ್ತಿತ್ತು. ತಂದುಕೊಟ್ಟವರ ಕೈಗೆ ಹತ್ತಿಪ್ಪತ್ತು ಇಡಬೇಕಾಗುತ್ತಿತ್ತು ಎಂಬ ದೂರು ನಿಜ, ಆದರೆ ಹಣ ಬಂದಿದೆಯೋ ಇಲ್ಲವೋ ಎಂಬುದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಈಗ ತಾಲ್ಲೂಕಿನಲ್ಲಿ ಮಂಜೂರಾಗಿ, ಖಜಾನೆಯಿಂದ ಹೊರಟು, ಬ್ಯಾಂಕು ಇಲ್ಲವೇ ಅಂಚೆ ಖಾತೆಗೆ ಬರುತ್ತದೆ. ನಡುವೆ ಅನುದಾನ ಬಿಡುಗಡೆ ತಡವಾಗಬಹುದು, ಅದು ಮೇಲಿನ ತಪ್ಪು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಇರಬಹುದು. ತವರಿನ ಅಡ್ಡಹೆಸರು, ಗಂಡನ ಮನೆಯ ಅಡ್ಡಹೆಸರು, ಮರಾಠಿಯಲ್ಲಿ ಬರೆದಾಗ ಬದಲಾದ ಅಕ್ಷರ, ಗಡಿಯಲ್ಲಿ ಇದು ಮನೆಮನೆಯ ಸಮಸ್ಯೆ. ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಕಾರಣವಿದೆ. ಆಧಾರ್ ಮೂಲಕ ಹಾಕುವ ಹಣ ನೀವು ಕೊಟ್ಟ ಖಾತೆ ಸಂಖ್ಯೆಗೆ ಹೋಗುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಸಂಘದ ಸಾಲಕ್ಕೆಂದು, ಗ್ಯಾಸ್ ಸಬ್ಸಿಡಿಗೆಂದು ಮಗಳು ಎಂದೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆಸಿ ಆಧಾರ್ ಕೊಟ್ಟಿದ್ದರೆ ಪಗಾರ ಅಲ್ಲಿ ಸೇರುತ್ತಿರಬಹುದು. ಆಯಿ ಮಾತ್ರ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ತಿರುಗುತ್ತಿರುತ್ತಾಳೆ. ಅಲ್ಲಿಯ ಗುಮಾಸ್ತರು ‘ಬಂದಿಲ್ಲ’ ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸತ್ಯವೇ.

ಕಾನೂನು ಎಲ್ಲಿದೆ ಎಂದು ಹುಡುಕಿದರೆ ದುಃಖವಾಗುತ್ತದೆ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ಪಿಂಚಣಿಗೆ ಅರ್ಜಿ ಹಾಕಿದ ಮೇಲೆ ನಿಗದಿತ ದಿನದೊಳಗೆ ತೀರ್ಮಾನ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆದರೆ ಮಂಜೂರಾದ ಮೇಲೆ ತಿಂಗಳು ತಿಂಗಳು ಹಣ ಬಾರದಿದ್ದರೆ? ಆ ಗಡಿಯಾರ ಅಲ್ಲಿಗೇ ನಿಲ್ಲುತ್ತದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೂಲಿ 15 ದಿನ ಮೀರಿದರೆ ಬಾಕಿಯ ಮೇಲೆ ದಿನಕ್ಕೆ ಶೇ 0.05ರಷ್ಟು ಪರಿಹಾರವೆಂದು ಬರೆದಿದ್ದರು. ಸಾವಿರ ರೂಪಾಯಿಗೆ ದಿನಕ್ಕೆ ಐವತ್ತು ಪೈಸೆ. ಮೊತ್ತ ಸಣ್ಣದು, ಆದರೆ ತಡ ಮಾಡಿದವರು ತಡವಾಗಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಗದ್ದೆಯಲ್ಲಿ ಗುದ್ದಲಿ ಹಿಡಿದ ಕೈಗೆ ಇದ್ದ ಆ ಹಕ್ಕು, ಗುದ್ದಲಿ ಎತ್ತಲಾರದ ವಯಸ್ಸಿನವರಿಗೆ ಯಾಕಿಲ್ಲ? 2021ರ ಜುಲೈ ಕೊನೆಯಲ್ಲಿ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ, ವಿಧವಾ ವೇತನ 600ರಿಂದ 800ಕ್ಕೆ ಏರಿತು. ಎರಡನ್ನೂ ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಆದರೂ ಇನ್ನೂರು ಹೆಚ್ಚು ಕೊಟ್ಟು ಎರಡು ತಿಂಗಳು ಕಾಯಿಸುವುದಕ್ಕಿಂತ, ಹಳೆಯ ಮೊತ್ತವನ್ನೇ ಪ್ರತಿ ತಿಂಗಳು 5ನೇ ತಾರೀಖಿಗೆ ತಪ್ಪದೆ ಕೊಟ್ಟರೆ ಆ ಕಿರಾಣಿ ವಹಿಯಲ್ಲಿ ಹೆಚ್ಚು ಗೆರೆ ಬೀಳುತ್ತವೆ. ಈಗ ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ಜನ ಕೇಳುತ್ತಿರುವುದು ಅದನ್ನೇ, ಯಾವಾಗ ಬೀಳುತ್ತದೆ ಎಂದು.

ಸಕಾಲದ ವ್ಯಾಪ್ತಿಗೆ ಮಾಸಿಕ ಪಾವತಿಯನ್ನೂ ಸೇರಿಸಲಿ, ಪಗಾರ ನಿಲ್ಲಿಸುವ ಮೊದಲು ಕಾರಣವನ್ನು ಕನ್ನಡದಲ್ಲಿ ಬರೆದು ಮನೆಗೆ ಕಳಿಸಲಿ ಎಂಬುದು ಈ ಭಾಗದ ಶಾಸಕರಲ್ಲಿ ನನ್ನ ಕೋರಿಕೆ. ಅದಾಗುವವರೆಗೆ, ಫೋನ್ ಮಾಡುವ ಮೊಮ್ಮಕ್ಕಳಿಗೆ ನಾನು ಹೇಳುವುದು ಇಷ್ಟು. ಆಯಿಯ ಮಂಜೂರಾತಿ ಆದೇಶವನ್ನು ಇಂದೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದಿನ ಮಳೆಗಾಲಕ್ಕೆ ಮೊದಲು. ಆಕೆಯ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಯಾವುದಾದರೂ ಬ್ಯಾಂಕಿನಲ್ಲಿ ಕೇಳಿ ನೋಡಿ, ಆ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಅಲ್ಲೂ ಇಲ್ಲದಿದ್ದರೆ ನಾಡಕಚೇರಿಗೆ ಹೋಗಿ ಯಾವ ತಿಂಗಳಿಂದ, ಯಾವ ಕಾರಣಕ್ಕೆ ನಿಂತಿದೆ ಎಂದು ಬರಹದಲ್ಲೇ ಕೇಳಿ, ಅರ್ಜಿಯ ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಹೋಗುವಾಗ ಆಯಿಯನ್ನು ಬಿಸಿಲಲ್ಲಿ ಕರೆದೊಯ್ಯಬೇಡಿ, ಆಕೆಯ ಹೆಬ್ಬೆಟ್ಟಿನ ಅರ್ಜಿ ಒಯ್ದರೆ ಸಾಕು.